ನೀರು ಬಂದಾಗ, ಬಂದ್ ಆದಾಗ: ಹೆಣ್ಣುಮಕ್ಕಳ ಜೋಪಾನವೂ ಆಗಬೇಕು, ಕೆಲಸವೂ ಉಳಿಯಬೇಕು

2019ರ ಆಗಸ್ಟ್. ನಾನಾಗ ಹುಬ್ಬಳ್ಳಿ ಹೊರವಲಯದ ಒಂದು ಪ್ಯಾಕಿಂಗ್ ಘಟಕದಲ್ಲಿ ಮೇಲ್ವಿಚಾರಕಿ. ಖಾರದಪುಡಿ, ಶೇಂಗಾ ಚಟ್ನಿ, ಖಡಕ್ ರೊಟ್ಟಿ ಪ್ಯಾಕ್ ಮಾಡುವ ಕೆಲಸ. ಒಟ್ಟು 38 ಜನ, ಅದರಲ್ಲಿ 27 ಹೆಣ್ಣುಮಕ್ಕಳು. ಮಳೆ ಬಿಡದೆ ಹೊಡೆದು ಗೋದಾಮಿಗೆ ಮೊಣಕಾಲುದ್ದ ನೀರು ಬಂತು. ಮಾಲಕರು, "ಹೆಣ್ಮಕ್ಕಳನ್ನ ಮೊದಲ ಮನಿಗೆ ಕಳಿಸ್ರಿ, ಅವರ ಜೋಪಾನ ಮುಖ್ಯ" ಅಂದರು. ನಾನೇ ಗೇಟಿನಲ್ಲಿ ನಿಂತು ಎಲ್ಲರನ್ನೂ ಕಳಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ.

ಆಮೇಲಿನ 11 ದಿನ ಗಂಡಸರು ಬಂದು ಕೆಸರು ಬಳಿದರು, ಚೀಲ ಎತ್ತಿಟ್ಟರು, ಪಗಾರ ತೆಗೆದುಕೊಂಡರು. ಹೆಣ್ಣುಮಕ್ಕಳನ್ನು ಯಾರೂ ಕರೆಯಲಿಲ್ಲ. ಕರೆದಾಗ ಆರ್ಡರ್ ಕಮ್ಮಿ ಆಗಿದೆ ಅಂತ 27ರಲ್ಲಿ 19 ಮಂದಿಗೆ ಮಾತ್ರ ಕೆಲಸ ಸಿಕ್ಕಿತು. ಇನ್ನು, ಕಳಿಸಿದ ದಿನ ಅವರು ಮನೆ ಮುಟ್ಟಿದ್ದು ಹೇಗೆ ಅಂತ ನಾನು ವಿಚಾರಿಸಿಯೇ ಇರಲಿಲ್ಲ. ಬೆಣ್ಣಿಹಳ್ಳದ ಆಚೆಯ ಊರಿನ ಇಬ್ಬರು ಬಸ್ಸಿಲ್ಲದೆ ರಾತ್ರಿ 9ರವರೆಗೆ ನಿಂತು, ಕೊನೆಗೆ ಗುರುತಿಲ್ಲದ ಗೂಡ್ಸ್ ಗಾಡಿ ಹತ್ತಿದ್ದರು. ಅವರಲ್ಲೊಬ್ಬಾಕೆ ಆಮೇಲೆ ಕೇಳಿದಳು: "ಅಕ್ಕಾರ, ನಮ್ಮನ್ನ ಕಳಿಸಿದ್ದು ನಮ್ಮ ಜೋಪಾನಕ್ಕೋ, ನಿಮ್ಮ ಜೋಪಾನಕ್ಕೋ?"

ಉತ್ತರ ಹೊಳೆಯಲಿಲ್ಲ. ಗೇಟಿನಿಂದ ಹೊರಗೆ ಕಳಿಸಿದರೆ ನಮ್ಮ ಹೊಣೆ ಕಳೆಯಿತು, ಅವರ ತೊಂದರೆ ಅಲ್ಲಿಂದ ಶುರುವಾಯಿತು. ಆಮೇಲೆ ಎರಡು ಘಟಕಗಳಲ್ಲಿ ಕೆಲಸ ಮಾಡಿದೆ, ಕೊರೊನಾ ಕಾಲವನ್ನೂ ಕಂಡೆ. ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. 10ರಿಂದ 60 ಜನರ ಸಣ್ಣ ಘಟಕ, ಅಂಗಡಿ, ಗೋದಾಮು, ಆಫೀಸು ನಡೆಸುವವರಿಗೆ ಇದು. ಅಲ್ಲಿ ಕೆಲಸ ಮಾಡುವ ಅಕ್ಕತಂಗಿಯರೂ ಓದಿ, ನಿಮ್ಮ ಹಕ್ಕಿನ ಮಾತುಗಳು ನಡುನಡುವೆ ಇವೆ.

ಹಂತ 1: ನಿಮ್ಮ ಊರಿಗೆ ಯಾವ ಸಂಕಟ ಬರುತ್ತದೆ, ಅದನ್ನು ಮೊದಲು ಬರೆಯಿರಿ

ವಿಪತ್ತು ಅಂದ ಕೂಡಲೇ ಪ್ರವಾಹವೊಂದೇ ಕಣ್ಣಮುಂದೆ ಬರುತ್ತದೆ. ನರಗುಂದ, ರೋಣ ಕಡೆಯವರಿಗೆ ಅದು ಸರಿಯೇ. 2019ರಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಕೊಣ್ಣೂರು, ಹೊಳೆಆಲೂರು ಮುಳುಗಿದ್ದನ್ನು ಯಾರೂ ಮರೆತಿಲ್ಲ. ಹಾವೇರಿ ಕಡೆಗೆ ವರದೆ, ತುಂಗಭದ್ರೆ. ಆದರೆ ನೀರಿಲ್ಲದ ಸಂಕಟಗಳೇ ನಮ್ಮಲ್ಲಿ ಜಾಸ್ತಿ.

2020ರ ಮಾರ್ಚ್ 25ರಿಂದ ಲಾಕ್‌ಡೌನ್. 2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರ ಮುಷ್ಕರ, ಎರಡು ವಾರ ಬಸ್ ಇಲ್ಲ. ಮಹದಾಯಿ ಹೋರಾಟದ ಬಂದ್‌ಗಳು. ನಿಷೇಧಾಜ್ಞೆ (ಮೊದಲು 144 ಅಂತಿದ್ದೆವು, ಹೊಸ ಕಾನೂನಿನಲ್ಲಿ ಅದು 163). 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಬಿದ್ದ ಸಿಟ್ಟಿಗೆ ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು, ಎಪಿಎಂಸಿ ಕಚೇರಿ ಮೇಲೆ ದಾಳಿಯಾಯಿತು. ಸುಗ್ಗಿಯಲ್ಲಿ ಚೀಲಗಳ ನಡುವೆ ಕೂತು ತೊಟ್ಟು ಮುರಿಯುವ ಹೆಂಗಸರು ಎಷ್ಟು ಮಂದಿ ಇರುತ್ತಾರೆ ಅಂತ ಆ ಮಾರುಕಟ್ಟೆ ನೋಡಿದವರಿಗೆ ಗೊತ್ತು. ಗದ್ದಲ ಎದ್ದಾಗ ಅವರು ಯಾವ ಕಡೆ ಓಡಬೇಕು? ಮೊದಲೇ ಯಾರಾದರೂ ಹೇಳಿರುತ್ತಾರಾ?

ಸದ್ದಿಲ್ಲದೆ ಬರುವ ಸಂಕಟವೂ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಕೇಂದ್ರದಲ್ಲಿ ದುಡಿಯುವವರು ಹೆಚ್ಚಿನವರು ಹೆಂಗಸರೇ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ಬಂದು ಮಷಿನ್ನಿನ ಬಾವುಟಕ್ಕೂ, ಪಾಲಿಯೆಸ್ಟರ್ ಬಾವುಟಕ್ಕೂ ಅವಕಾಶ ಸಿಕ್ಕಾಗ, ನೂಲುವ ಮತ್ತು ಹೊಲಿಯುವ ಕೈಗಳಿಗೆ ಕೆಲಸದ ಚಿಂತೆ ಹತ್ತಿತು. ಆರ್ಡರ್ ನಿಲ್ಲುವುದೂ ವಿಪತ್ತೇ, ಅಲ್ವಾ?

ಒಂದು ಹಾಳೆಯಲ್ಲಿ ನಿಮ್ಮ ಘಟಕಕ್ಕೆ ಬರಬಹುದಾದ ನಾಲ್ಕು ಸಂಕಟ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ಪ್ರಶ್ನೆ: ಹೆಣ್ಣುಮಕ್ಕಳು ಮನೆ ಮುಟ್ಟುವುದು ಹೇಗೆ? ಕೆಲಸ ನಿಂತ ದಿನಗಳ ಪಗಾರ ಏನು? ವಾಪಸ್ ಕರೆಯುವುದು ಯಾರನ್ನು ಮೊದಲು? ಈ ಹಾಳೆ ಬರೆಯುವಾಗ ಕನಿಷ್ಠ ಇಬ್ಬರು ಹೆಣ್ಣುಮಕ್ಕಳು ಜೊತೆಗೆ ಕೂತಿರಲಿ. ಆಫೀಸಿನವರೇ ಅಲ್ಲ, ಪ್ಯಾಕಿಂಗ್ ಟೇಬಲ್ಲಿನವರೂ.

ಹಂತ 2: ಪಟ್ಟಿ ಮಾಡಿ, ಆದರೆ ಗೋಡೆಗೆ ಹಚ್ಚಬೇಡಿ

ಹೆಸರು, ಊರು, ಫೋನ್ ನಂಬರ್ ಎಲ್ಲ ಘಟಕದಲ್ಲೂ ಇರುತ್ತದೆ. ಆ ನಂಬರು ಯಾರ ಹತ್ತಿರ ಇದೆ ಅಂತ ಕೇಳಿ ನೋಡಿ. ನಮ್ಮ 27 ಜನರಲ್ಲಿ 10 ಜನ ಕೊಟ್ಟಿದ್ದು ಗಂಡನದ್ದೋ ಮಗನದ್ದೋ ನಂಬರು. ಗಂಡ ದಾವಣಗೆರೆಗೆ ಲಾರಿ ಹೊಡೆಯಲು ಹೋಗಿದ್ದರೆ "ನಾಳೆ ಕೆಲಸಕ್ಕೆ ಬಾ" ಅನ್ನುವ ಮಾತು ಅವಳಿಗೆ ಮುಟ್ಟುವುದೇ ಇಲ್ಲ. ಬರಲಿಲ್ಲ ಅಂತ ಅವಳ ಹೆಸರು ಹೋಗುತ್ತದೆ. ಆದ್ದರಿಂದ ಇನ್ನೊಂದು ನಂಬರ್ ಕೇಳಿ: ಓಣಿಯ ಗೆಳತಿಯದ್ದೋ, ಅದೇ ಬಸ್ಸಿನಲ್ಲಿ ಬರುವವಳದ್ದೋ.

ಜೊತೆಗೆ ಬರೆದುಕೊಳ್ಳಿ: ಯಾವ ಸ್ಟಾಪಿನಲ್ಲಿ ಇಳಿಯುತ್ತಾಳೆ, ಅಲ್ಲಿಂದ ಮನೆಗೆ ಎಷ್ಟು ನಡಿಗೆ, ದಾರಿಯಲ್ಲಿ ಹಳ್ಳ ಇದೆಯಾ, ಮನೆಯಲ್ಲಿ ಕೂಸು ಅಥವಾ ಹಾಸಿಗೆ ಹಿಡಿದವರು ಇದ್ದಾರಾ. ಬಸುರಿ ಅಂತ ಅವಳಾಗಿ ಹೇಳಿದರೆ ಬರೆದುಕೊಳ್ಳಿ, ಕೆದಕಬೇಡಿ.

ಈ ಪಟ್ಟಿ ಒಬ್ಬಳೇ ಹೆಣ್ಣುಮಗಳ ವಶದಲ್ಲಿ ಇರಲಿ, ಬೀರುವಿನಲ್ಲಿ ಬೀಗ ಹಾಕಿ. ಇನ್ನೊಂದು ಪ್ರತಿ ಮಾಲಕರ ಹತ್ತಿರ. ಲಾಕ್‌ಡೌನ್‌ನಲ್ಲಿ ನಾವು ಮಾಡಿದ ಎರಡನೇ ತಪ್ಪು ವಾಟ್ಸಾಪ್ ಗ್ರೂಪ್. ಎಲ್ಲರನ್ನೂ ಒಂದೇ ಗ್ರೂಪಿಗೆ ಹಾಕಿದೆವು. ಅದರಲ್ಲಿ ಲೋಡಿಂಗ್‌ನವರು, ಡ್ರೈವರ್‌ಗಳು, ಹಳೇ ನೌಕರರು ಎಲ್ಲ ಇದ್ದರು. ಎರಡೇ ವಾರದಲ್ಲಿ ಮೂವರಿಗೆ ರಾತ್ರಿ ಹೊತ್ತು ಕರೆ, "ಊಟ ಆತಾ?" ಅನ್ನುವ ಮೆಸೇಜು ಶುರುವಾಯಿತು. ಒಬ್ಬಳ ಮನೆಯಲ್ಲಿ ಆ ಮೆಸೇಜಿನಿಂದಲೇ ಜಗಳ ಆಗಿ ಫೋನೇ ಕಸಿದುಕೊಂಡರು. ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದರೂ ನಂಬರ್‌ಗಳು ಎಲ್ಲರಿಗೂ ಕಾಣುತ್ತವೆ. ಬದಲಿಗೆ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಕಿರಿಕಿರಿ ಇದೆ: ಅವರು ನಿಮ್ಮ ನಂಬರ್ ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಮುಟ್ಟುತ್ತದೆ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರ ಫೋನಿನಲ್ಲೂ ಕೂತು ಸೇವ್ ಮಾಡಿಸಿಬಿಡಿ. ಸಾದಾ ಫೋನಿನವರಿಗೆ ಕರೆ ಮಾಡಲು ಐದೈದು ಜನಕ್ಕೆ ಒಬ್ಬಳನ್ನು ನೇಮಿಸಿ.

ಹಂತ 3: ದಾರಿ

ಇದಕ್ಕೇ ಜಾಸ್ತಿ ಹೊತ್ತು ಕೊಡಿ. ನನ್ನ ಅನುಭವದಲ್ಲಿ ಸಂಕಟದ ದಿನ ಹೆಣ್ಣುಮಕ್ಕಳಿಗೆ ಭಯ ಇರುವುದು ಘಟಕದ ಒಳಗಲ್ಲ, ಗೇಟಿನಿಂದ ಮನೆ ಬಾಗಿಲಿನ ನಡುವೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಅದರಿಂದ ನಮ್ಮ ಘಟಕಗಳಿಗೆ ದೂರದ ಊರುಗಳಿಂದಲೂ ಹೆಣ್ಣುಮಕ್ಕಳು ಬರುವಂತಾಯಿತು. ಇದು ಒಳ್ಳೆಯದೇ. ಆದರೆ ಬಸ್ ನಿಂತ ದಿನ ಅವರು ಮೊದಲಿಗಿಂತ ದೂರದಲ್ಲಿ ಸಿಕ್ಕಿಬೀಳುತ್ತಾರೆ ಅನ್ನುವುದನ್ನು ಮಾಲಕರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ (ಬಿಆರ್‌ಟಿಎಸ್ ಬಸ್) ಓಡುತ್ತಿರುತ್ತದೆ, ಸರಿ. ಚಿಗರಿ ಇಳಿದ ಮೇಲೆ ಹಳ್ಳಿಗೆ ಹೋಗುವ ಟಂಟಂ ನಿಂತಿದ್ದರೆ ಏನು ಮಾಡಬೇಕು?

ಹೀಗೆ ಮಾಡಿ:

ಬಂದ್ ಅಥವಾ ಭಾರಿ ಮಳೆಯ ಸುದ್ದಿ ಬಂದ ದಿನ, ಕೆಲಸ ಬಿಡುವ ಹೊತ್ತನ್ನು ಕೊನೆಯ ಊರಿನವಳ ಲೆಕ್ಕದಲ್ಲಿ ಇಡಿ. ಅತಿ ದೂರದವಳು ಬೆಳಕಿರುವಾಗ ಮನೆ ಮುಟ್ಟಬೇಕು. ಬೇಗ ಬಿಟ್ಟಿದ್ದಕ್ಕೆ ಅರ್ಧ ದಿನದ ಪಗಾರ ಮುರಿಯಬೇಡಿ. ಮುರಿದರೆ ಮುಂದಿನ ಸಲ ನೀವು ಹೋಗು ಅಂದರೂ ಅವಳು ಹೋಗುವುದಿಲ್ಲ, ಕತ್ತಲಾಗುವವರೆಗೆ ಕೂರುತ್ತಾಳೆ.

ಗಾಡಿ ಮಾಡಿ ಕಳಿಸುವುದಾದರೆ ಡ್ರೈವರ್ ಹೆಸರು, ಲೈಸೆನ್ಸ್, ಗಾಡಿ ನಂಬರ್ ನಿಮ್ಮ ಹತ್ತಿರ ಇರಲಿ. ಹೊರಡುವ ಮುಂಚೆ ಹತ್ತಿದವರ ಹೆಸರು ಬರೆಯಿರಿ. ಇಳಿಸುವ ಸರದಿ ಹೇಗಿರಬೇಕು ಅಂದರೆ, ಕೊನೆಗೆ ಗಾಡಿಯಲ್ಲಿ ಹೆಣ್ಣುಮಗಳೊಬ್ಬಳೇ ಉಳಿಯಬಾರದು. ಕೊನೆಯ ಊರಿನಲ್ಲಿ ಇಬ್ಬರು ಇಳಿಯುವ ಹಾಗಿಲ್ಲದಿದ್ದರೆ ನಂಬಿಕೆಯ ಒಬ್ಬಾಕೆ ಕೊನೆವರೆಗೂ ಹೋಗಿ ಅಲ್ಲೇ ಉಳಿಯಲಿ, ಇಲ್ಲವೇ ಮನೆಯವರು ಎದುರು ಬಂದು ಕರೆದುಕೊಳ್ಳಲಿ. ಮನೆ ಮುಟ್ಟಿದವರು ಒಂದು ಮಿಸ್‌ಕಾಲ್ ಕೊಡಬೇಕು. ಪಟ್ಟಿ ಹಿಡಿದು ಕೂತವಳು ಎಲ್ಲ ಹೆಸರಿನ ಮುಂದೆ ಟಿಕ್ ಬೀಳುವವರೆಗೆ ಏಳುವ ಹಾಗಿಲ್ಲ.

ಮಾಲಕರೇ, ನೆನಪಿಡಿ: ನೀವು ಕೊಡಿಸಿದ ಗಾಡಿಯೂ ಕಾನೂನಿನ ಲೆಕ್ಕದಲ್ಲಿ ಕೆಲಸದ ಸ್ಥಳವೇ. ಅದರಲ್ಲಿ ಏನಾದರೂ ಆದರೆ "ಅದು ಗೇಟಿನ ಹೊರಗೆ" ಅನ್ನುವ ಮಾತು ನಡೆಯುವುದಿಲ್ಲ.

ಕಳಿಸಲು ಆಗುವುದೇ ಇಲ್ಲ, ಸೇತುವೆ ಮೇಲೆ ನೀರು ಇದೆ. ಆಗ ಘಟಕದಲ್ಲೇ ಉಳಿಸಬೇಕಾಗುತ್ತದೆ. ಹೆಂಗಸರಿಗೆ ಬೇರೆ ಕೋಣೆ, ಒಳಗಿನಿಂದ ಹಾಕುವ ಅಗಳಿ, ಕೋಣೆಯಿಂದ ಶೌಚಾಲಯದವರೆಗೆ ಬೆಳಕು, ಒಬ್ಬಾಕೆ ಜವಾಬ್ದಾರಿ. ಕರೆಂಟ್ ಹೋದರೆ ಟಾರ್ಚ್. ಮನೆಯವರಿಗೆ ಮಾಲಕರೇ ಫೋನ್ ಮಾಡಿ ತಿಳಿಸಲಿ, ಅವಳ ಕೈಯಿಂದ ಹೇಳಿಸಬೇಡಿ. "ರಾತ್ರಿ ಎಲ್ಲಿದ್ದಿ?" ಅನ್ನುವ ಪ್ರಶ್ನೆಗೆ ಅವಳು ಆಮೇಲೆ ವಾರಗಟ್ಟಲೆ ಉತ್ತರ ಕೊಡಬೇಕಾಗುತ್ತದೆ. ಮಾಲಕರ ಒಂದು ಫೋನ್ ಅದನ್ನು ತಪ್ಪಿಸುತ್ತದೆ.

ಶೌಚಾಲಯ, ಕುಡಿಯುವ ನೀರು, ಪ್ಯಾಡ್. ಇದಕ್ಕೆ ಜಾಸ್ತಿ ವಿವರಣೆ ಬೇಕಿಲ್ಲ. ಒಂದು ಡಬ್ಬದಲ್ಲಿ ಪ್ಯಾಡ್ ಇಡಿ, ತೀರಿದರೆ ತುಂಬಿಸಿ, ಯಾರು ತೆಗೆದರು ಅಂತ ಬರೆಸಬೇಡಿ.

ಹಂತ 4: ಯಾರನ್ನು ವಾಪಸ್ ಕರೆಯುವುದು

ನಾನು 2019ರಲ್ಲಿ ಎಡವಿದ್ದು ಇಲ್ಲಿ. ಕೆಸರು ತೆಗೆಯುವ ಕೆಲಸ ಗಂಡಸರದ್ದು ಅಂದುಕೊಂಡೆ. ತಮ್ಮ ಮನೆಗೆ ನುಗ್ಗಿದ ಕೆಸರನ್ನು ಅದೇ ವಾರ ಆ ಹೆಣ್ಣುಮಕ್ಕಳೇ ಬಳಿದು ಹಾಕಿದ್ದರು! ಕೇಳಿದ್ದರೆ ಅರ್ಧ ಜನ ಬರುತ್ತಿದ್ದರು. ಬಾರದವರಿಗೂ ಕೆಲಸ ಇತ್ತು: ಹಾಳಾದ ಸಾಮಾನಿನ ಲೆಕ್ಕ, ಚೀಲ ಒಣಗಿಸುವುದು, ಅಂಗಡಿಯವರಿಗೆ ಫೋನ್ ಮಾಡುವುದು.

ಅದಕ್ಕೇ, ಅವಳ ಪರವಾಗಿ ನೀವು ತೀರ್ಮಾನ ಮಾಡಬೇಡಿ. "ಬಾಣಂತಿ ಪಾಪ, ಬ್ಯಾಡ", "ಅಕಿಗೆ ಸಣ್ಣ ಕೂಸು ಐತಿ, ಬಿಡ್ರಿ" ಅನ್ನುವುದು ಕರುಣೆಯ ಮಾತೇ. ಆದರೆ ಅವಳ ಪಗಾರ ಹೋಗುವುದು ಆ ಮಾತಿನಿಂದಲೇ. ಫೋನ್ ಮಾಡಿ ಕೇಳಿ: ಬರಲು ಆಗುತ್ತದಾ? ಯಾವ ಹೊತ್ತಿಗೆ? ಬರಲು ಏನು ಬೇಕು? ಕೆಲವರಿಗೆ ಬೆಳಿಗ್ಗೆ 10ರ ನಂತರ ಸಾಕು. ಕೆಲವರಿಗೆ ಶಾಲೆ ಮುಚ್ಚಿದೆ, ಮಗುವನ್ನು ಜೊತೆಗೆ ತರಬೇಕು. 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ವ್ಯವಸ್ಥೆ ಕಾನೂನಿನಲ್ಲೇ ಇದೆ. ಚಿಕ್ಕ ಘಟಕದಲ್ಲೂ ಒಂದು ಕೋಣೆ, ಎರಡು ಚಾಪೆ, ಸರದಿ ಮೇಲೆ ನೋಡಿಕೊಳ್ಳುವ ಒಬ್ಬಾಕೆ ಇದ್ದರೆ ವಾರ ಎರಡು ವಾರ ದಾಟಿಸಬಹುದು.

ಕೆಲಸ ಕಮ್ಮಿ ಇದ್ದರೆ ಸರದಿ ಹಾಕಿ. 27 ಜನಕ್ಕೆ ಕೆಲಸ ಸಾಲದಿದ್ದರೆ 8 ಜನರನ್ನು ಬಿಡಿಸುವ ಬದಲು ಎಲ್ಲರಿಗೂ ವಾರಕ್ಕೆ ನಾಲ್ಕು ದಿನ ಕೊಡಬಹುದು. ಪೀಸ್ ಲೆಕ್ಕದವರನ್ನು ಮರೆಯಬೇಡಿ. ಮಸ್ಟರಿನಲ್ಲಿ ಹೆಸರಿಲ್ಲದ ಅವರನ್ನು ತೆಗೆದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ಯಾರನ್ನಾದರೂ ಬಿಡಿಸುವುದು ತಪ್ಪುವುದೇ ಇಲ್ಲ ಅಂದರೆ, ಆ ಪಟ್ಟಿಯನ್ನು ಸಹಿ ಮಾಡುವ ಮುಂಚೆ ಒಮ್ಮೆ ಎಣಿಸಿ: ಹೆಣ್ಣು ಎಷ್ಟು, ಗಂಡು ಎಷ್ಟು? ಘಟಕದಲ್ಲಿ ಇರುವ ಪ್ರಮಾಣಕ್ಕಿಂತ ಜಾಸ್ತಿ ಹೆಣ್ಣಿನ ಹೆಸರೇ ಇದ್ದರೆ ಯಾಕೆ ಅಂತ ಹೇಳಲು ನಿಮಗೆ ಬಾಯಿ ಬರಬೇಕು.

ಹೆರಿಗೆ ರಜೆಯಲ್ಲಿದ್ದವಳನ್ನು ಸಂಕಟದ ನೆಪದಲ್ಲಿ ಬಿಡಿಸಲು ಬರುವುದಿಲ್ಲ. 26 ವಾರಗಳ ಸಂಬಳದ ರಜೆ 2017ರ ತಿದ್ದುಪಡಿಯಿಂದ ಬಂದ ಹಕ್ಕು, ಮೂರನೇ ಮಗುವಿನಿಂದ 12 ವಾರ. ನಿಂತ ಕೆಲಸ ತುಂಬಿಸಲು ರಾತ್ರಿ ಪಾಳಿ ಹಾಕುವುದಾದರೆ ಹೆಣ್ಣುಮಕ್ಕಳ ಒಪ್ಪಿಗೆ ಬೇಕು, ಅದೂ ಬರವಣಿಗೆಯಲ್ಲಿ. ಒಪ್ಪದವಳಿಗೆ ಹಗಲು ಪಾಳಿ ಉಳಿಯಬೇಕು.

ಹಂತ 5: ಸಮಿತಿಗೆ ಜೀವ ಇರಲಿ

2013ರ ಕಾಯ್ದೆಯನ್ನು ಎಲ್ಲರೂ ಪೋಶ್ ಅಂತಾರೆ. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ. 10 ಅಥವಾ ಹೆಚ್ಚು ಜನ ಇದ್ದಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಎಣಿಕೆಯಲ್ಲಿ ಒಂದು ಆಟ ನಡೆಯುತ್ತದೆ: "ನಮ್ಮಲ್ಲಿ ಪರ್ಮನೆಂಟ್ ಇರೋದು ಆರೇ ಮಂದಿ ರೀ." ಕಾಯ್ದೆಯಲ್ಲಿ ದಿನಗೂಲಿಯವರು, ಗುತ್ತಿಗೆಯವರು, ತರಬೇತಿಗೆ ಬಂದವರು ಎಲ್ಲರೂ ನೌಕರರೇ.

ಸಮಿತಿಯ ಅಧ್ಯಕ್ಷೆ ಹಿರಿಯ ಸ್ಥಾನದ ಮಹಿಳೆ. ನೌಕರರ ಪೈಕಿ ಕನಿಷ್ಠ ಇಬ್ಬರು. ಹೊರಗಿನಿಂದ, ಮಹಿಳಾ ವಿಷಯದಲ್ಲಿ ಕೆಲಸ ಮಾಡುವ ಸಂಸ್ಥೆಯವರು ಅಥವಾ ಈ ಕಾನೂನು ಬಲ್ಲವರು ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಮ್ಮಿ ಇಲ್ಲದಂತೆ ಹೆಂಗಸರು.

ಇಷ್ಟು ಬಹಳ ಕಡೆ ಕಾಗದದಲ್ಲಿ ಇರುತ್ತದೆ. ಸಂಕಟದಲ್ಲಿ ಅದು ಕೆಲಸ ಮಾಡುತ್ತದಾ? ಹೊರಗಿನ ಸದಸ್ಯೆ ಬೆಳಗಾವಿಯಲ್ಲಿ, ಅಧ್ಯಕ್ಷೆ ರಜೆಯಲ್ಲಿ, ಆಫೀಸಿಗೆ ಬೀಗ. ದೂರು ಕೊಡುವುದು ಯಾರಿಗೆ? ಸದಸ್ಯರಲ್ಲಿ ಇಬ್ಬರ ಸ್ವಂತ ಫೋನ್ ನಂಬರ್ ಎಲ್ಲ ಹೆಣ್ಣುಮಕ್ಕಳಿಗೂ ಮೊದಲೇ ಗೊತ್ತಿರಬೇಕು. ವಿಚಾರಣೆಗೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಬೇಕು, ಆದ್ದರಿಂದ ಆ ಮೂವರು ಒಂದೇ ಊರಿನಲ್ಲಿ ಸಿಗುವ ಹಾಗೆ ನೋಡಿಕೊಳ್ಳಿ.

ಘಟನೆ ಆದ 3 ತಿಂಗಳೊಳಗೆ ಬರೆದು ದೂರು ಕೊಡಬೇಕು. ಕೊಡಲು ಆಗದ ಪರಿಸ್ಥಿತಿ ಇತ್ತು ಅಂತ ಸಮಿತಿಗೆ ಮನವರಿಕೆಯಾದರೆ ಇನ್ನೂ 3 ತಿಂಗಳು ಕೊಡಬಹುದು. ಪ್ರವಾಹ, ಲಾಕ್‌ಡೌನ್ ಇಂಥ ಕಾರಣ ಆಗಬಹುದು. ಹಾಗಂತ ಕಾಯುತ್ತ ಕೂರಬೇಡಿ, ದಿನಾಂಕ ಹಾಕಿ ಒಂದು ಹಾಳೆಯಲ್ಲಾದರೂ ಬರೆದಿಡಿ. ಬರೆಯಲು ಬಾರದವಳಿಗೆ ಬರೆದುಕೊಡುವುದು ಸಮಿತಿಯದೇ ಹೊಣೆ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಅದು ನಡೆಯುವಾಗ ಅವಳು ಬರೆದು ಕೇಳಿಕೊಂಡರೆ ಅವಳನ್ನೋ ಅವನನ್ನೋ ಬೇರೆ ಕಡೆ ಹಾಕಲು, ಅವಳಿಗೆ 3 ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ಈ ರಜೆ ಅವಳ ಇತರ ರಜೆಗಳಿಂದ ಮುರಿಯುವಂತಿಲ್ಲ. ರಾಜಿ ಅವಳಾಗಿ ಕೇಳಿದರೆ ಮಾತ್ರ, ಅದರಲ್ಲೂ ದುಡ್ಡು ಕೊಟ್ಟು ಮುಗಿಸುವ ರಾಜಿಗೆ ಅವಕಾಶ ಇಲ್ಲ. "ಹೋಗ್ಲಿ ಬಿಡವಾ, ಮಳಿಗಾಲದಾಗ ಇದೊಂದು ಯಾಕ" ಅಂತ ಹಿರಿಯರು ಕೂಡಿಸಿ ಮಾತಾಡಿಸುವುದು ರಾಜಿ ಅಲ್ಲ, ಒತ್ತಡ.

ಸಂಕಟದಲ್ಲಿ ಕಿರುಕುಳ ಬರುವ ರೂಪವನ್ನೂ ಗುರುತಿಸಿ. ಮೈಮೇಲೆ ಕೈ ಹಾಕುವುದೊಂದೇ ಅಲ್ಲ. ಕೆಲಸಕ್ಕೆ ವಾಪಸ್ ಕರೆಯುವ ಪಟ್ಟಿ, ಮುಂಗಡ, ರೇಷನ್ ಕಿಟ್ ಇವೆಲ್ಲ ಒಬ್ಬನ ಕೈಯಲ್ಲಿದ್ದಾಗ ಆ ಕೈಗೆ ವಿಪರೀತ ಬಲ ಬರುತ್ತದೆ. "ನಿನ್ನ ಹೆಸರು ಹಚ್ಚಬೇಕಂದ್ರ ಸಂಜೀಕ ಒಂದು ಫೋನ್ ಮಾಡು." ಇಷ್ಟೇ ಮಾತು. ಕೆಲಸದ ಆಸೆ ತೋರಿಸುವುದು, ಕೆಲಸ ಹೋಗುತ್ತದೆ ಅಂತ ಹೆದರಿಸುವುದು ಕಿರುಕುಳದ ಜೊತೆ ಸೇರಿದರೆ ಕಾಯ್ದೆಯೊಳಗೇ ಬರುತ್ತದೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ: ಆ ಪಟ್ಟಿಯನ್ನು ಒಬ್ಬನ ಕೈಯಲ್ಲಿ ಬಿಡಬೇಡಿ. ಇಬ್ಬರು ಸೇರಿ ಮಾಡಲಿ, ಅದರಲ್ಲಿ ಒಬ್ಬಳು ಹೆಣ್ಣುಮಗಳಿರಲಿ, ಹಂಚುವುದು ಹಗಲು ಹೊತ್ತಿನಲ್ಲಿ ಎಲ್ಲರೆದುರು ನಡೆಯಲಿ.

10ಕ್ಕಿಂತ ಕಮ್ಮಿ ಜನ ಇದ್ದಲ್ಲಿ ಅಥವಾ ದೂರು ಮಾಲಕರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ವಿದ್ಯಾನಗರ, ಕೇಶ್ವಾಪುರದ ಮನೆಗಳಲ್ಲಿ ಮುಸುರೆ ತಿಕ್ಕುವ ಅಕ್ಕಂದಿರಿಗೂ ಈ ದಾರಿ ಇದೆ. ಮನೆಯೂ ಅವರಿಗೆ ಕೆಲಸದ ಸ್ಥಳ. ತಾಲೂಕಿನಲ್ಲಿ, ಪಟ್ಟಣದ ವಾರ್ಡಿನಲ್ಲಿ ದೂರು ತೆಗೆದುಕೊಂಡು 7 ದಿನದೊಳಗೆ ಸ್ಥಳೀಯ ಸಮಿತಿಗೆ ಮುಟ್ಟಿಸುವ ನೋಡಲ್ ಅಧಿಕಾರಿ ಇರಬೇಕು. ಯಾರು ಅಂತ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಕೇಂದ್ರ ಸರ್ಕಾರದ ಶೀ–ಬಾಕ್ಸ್ ಪೋರ್ಟಲ್ ಮೂಲಕವೂ ದೂರು ಕೊಡಬಹುದು.

ಹಂತ 6: ಅವಳು ಬಂದು ಹೇಳಿದಾಗ

ಮೊದಲ ಹತ್ತು ನಿಮಿಷ ನೀವು ಹೇಗಿರುತ್ತೀರಿ ಅನ್ನುವುದರ ಮೇಲೆ ಅವಳು ಮುಂದೆ ಹೇಳುತ್ತಾಳೋ ಇಲ್ಲವೋ ನಿಂತಿದೆ. ಬಾಗಿಲು ಪೂರ್ತಿ ಮುಚ್ಚಬೇಡಿ, ಆದರೆ ಬೇರೆಯವರಿಗೆ ಕೇಳಿಸಬಾರದು. ನೀರು ಕೊಡಿ. "ಯಾಕ ಹೋಗಿದ್ದಿ ಅಲ್ಲಿ?", "ನೀ ಏನ ಅಂದಿ ಅವಂಗ?" ಇವೆರಡು ಪ್ರಶ್ನೆ ಬೇಡವೇ ಬೇಡ. "ಈಗ ನಿನಗ ಏನ್ ಆಗಬೇಕವಾ?" ಅಂತ ಕೇಳಿ. ಕೆಲವರಿಗೆ ಅವನ ಪಾಳಿ ಬದಲಾದರೆ ಸಾಕು. ಕೆಲವರಿಗೆ ದೂರು ಕೊಡಬೇಕು. ಕೆಲವರಿಗೆ ಇವತ್ತು ಸುಮ್ನೆ ಕೂತು ಅಳಬೇಕು, ತೀರ್ಮಾನ ನಾಳೆ. ತಡೆಯಬೇಡಿ.

ಮೆಸೇಜು, ಕರೆಯ ಪಟ್ಟಿ ಅಳಿಸಬೇಡ ಅಂತ ಹೇಳಿ. ಸ್ಕ್ರೀನ್‌ಶಾಟ್ ತೆಗೆದು ನಂಬುವವರಿಗೆ ಕಳಿಸಿಡಲಿ. ಹೆಸರು, ವಿವರ ಹೊರಗೆ ಬಿಡಬಾರದು ಅನ್ನುವುದೂ ಕಾನೂನು. ಚಹಾದಂಗಡಿಯಲ್ಲಿ ಆ ಸುದ್ದಿ ಕೇಳಿಸಿತು ಅಂದರೆ ಅದು ನಿಮ್ಮಿಂದಲೇ ಹೋಯಿತು ಅಂತ ತಿಳಿಯಿರಿ.

ಪೊಲೀಸರಿಗೆ ಹೋಗುವುದು ಅವಳ ಇಷ್ಟ. ಹೋಗುತ್ತೇನೆ ಅಂದರೆ ಜೊತೆಗೆ ಹೋಗಿ, ನೆರವಾಗುವುದು ಮಾಲಕರ ಕರ್ತವ್ಯ. ಘಟನೆ ಬೇರೆ ಠಾಣೆಯ ವ್ಯಾಪ್ತಿಯದ್ದು ಅಂತ ವಾಪಸ್ ಕಳಿಸುವಂತಿಲ್ಲ, ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ಆಗಬೇಕು. ದಾರಿ ಕಡಿದು ಊರಲ್ಲೇ ಸಿಕ್ಕವಳಿಗೆ ಇದು ತುಂಬಾ ಉಪಯೋಗದ ಮಾತು. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ.

ಇನ್ನೊಂದು ಮಾತು. ಲಾಕ್‌ಡೌನ್ ಮುಗಿದು ಕೆಲಸ ಶುರುವಾದ ಮೊದಲ ವಾರ ಒಬ್ಬಾಕೆ ತಲೆಗೆ ಸೆರಗು ಗಟ್ಟಿಯಾಗಿ ಹೊದ್ದು ಬಂದಳು. ಕಿವಿಯ ಹತ್ತಿರ ಕಪ್ಪು ಗಾಯ. ಮನೆಯ ವಿಷಯ ನಮಗ್ಯಾಕೆ ಅಂತ ನಾನು ಸುಮ್ಮನಿದ್ದೆ. ಸುಮ್ಮನಿರಬಾರದಿತ್ತು. ದುಡಿಮೆ ನಿಂತ ಮನೆಯಲ್ಲಿ ಸಿಟ್ಟು ಮೊದಲು ಇಳಿಯುವುದು ಹೆಂಡತಿ ಮೇಲೆ, ಅವಳಿಗೆ ಹೊರಗೆ ಮಾತಾಡಲು ಸಿಗುವ ಜಾಗ ಕೆಲಸದ ಜಾಗವೊಂದೇ. ನೀವು ಬಗೆಹರಿಸಬೇಕಿಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ನಿಮ್ಮ ಫೋನ್ ಕೊಡಿ, ನೊಂದ ಹೆಣ್ಣುಮಕ್ಕಳಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರಕ್ಕೆ ಹೋಗಲು ಒಂದು ದಿನ ಬಿಡುವು ಕೊಡಿ, ಪಗಾರವನ್ನು ಅವಳದೇ ಹೆಸರಿನ ಖಾತೆಗೆ ಹಾಕಿ. ಖಾತೆ ಇಲ್ಲದಿದ್ದರೆ ಮಾಡಿಸಿ.

ಹಂತ 7: ಒಮ್ಮೆ ನಡೆಸಿ ನೋಡಿ, ಮತ್ತೆ ಬರೆಯಿರಿ

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ 3 ಗಂಟೆಗೆ, ಈಗ ಬಸ್ ನಿಂತಿದೆ ಅಂತ ಲೆಕ್ಕ ಹಿಡಿದು ಪಟ್ಟಿ ಓದಿ. ಯಾರ ನಂಬರ್ ಹತ್ತಲಿಲ್ಲ, ಯಾವ ಡ್ರೈವರ್ ಬರಲಿಲ್ಲ, ಕೋಣೆಯ ಅಗಳಿ ಮುರಿದಿದೆಯಾ, ಎಲ್ಲ ಅವತ್ತೇ ಗೊತ್ತಾಗುತ್ತದೆ. ನಾವು ಮೊದಲ ಸಲ ನಡೆಸಿದಾಗ 31 ಜನರಲ್ಲಿ 6 ಜನಕ್ಕೆ ಸುದ್ದಿ ಮುಟ್ಟಲಿಲ್ಲ, ಟಾರ್ಚಿನಲ್ಲಿ ಸೆಲ್ ಇರಲಿಲ್ಲ. ನಗು ಬಂತು, ಆದರೆ ನಿಜವಾದ ದಿನ ಆಗಿದ್ದರೆ ನಗು ಬರುತ್ತಿರಲಿಲ್ಲ.

ಕೊನೆಗೆ ಒಂದು ಕಾಗದ. ನೋಟಿಸ್ ಬೋರ್ಡಿಗೆ ಬೇಡ, ಅಲ್ಲಿ ನಿಂತು ಓದುವವಳನ್ನು ಎಲ್ಲರೂ ನೋಡುತ್ತಾರೆ. ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಅಂಟಿಸಿ. ದಪ್ಪ ಅಕ್ಷರ ಇರಲಿ:

ಜೀವಕ್ಕೆ ಅಪಾಯ ಅನಿಸಿದರೆ 112.
ಮಹಿಳಾ ಸಹಾಯವಾಣಿ 181.
ಉಚಿತ ಕಾನೂನು ನೆರವು 15100.
ಮನಸ್ಸಿಗೆ ತಡೆಯಲಾಗದಿದ್ದರೆ ಟೆಲಿ ಮಾನಸ್ 14416.
ನಮ್ಮ ಸಮಿತಿಯ ಇಬ್ಬರು: ಹೆಸರು, ನಂಬರ್.
ಬಸ್ ನಿಂತರೆ ಕರೆಯಬೇಕಾದವರು: ಹೆಸರು, ನಂಬರ್.

ಓದಲು ಬಾರದವರಿಗೆ ಒಮ್ಮೆ ಓದಿ ಹೇಳಿ, ಅವರ ಫೋನಿನಲ್ಲಿ 181 ಹಾಕಿಕೊಡಿ. ಹೆಸರಿನ ಬದಲು ಒಂದು ಹೂವಿನ ಚಿತ್ರ ಇಟ್ಟರೆ ಸಾಕು, ನಮ್ಮಲ್ಲಿ ಹಾಗೇ ಮಾಡಿದ್ದೇವೆ. ಕಾಗದ ನೀರು ಸಿಡಿದು ಬೇಗ ಹಾಳಾಗುತ್ತದೆ, ನಂಬರ್‌ಗಳೂ ಬದಲಾಗುತ್ತವೆ. ಕಾರಹುಣ್ಣಿಮೆಗೊಮ್ಮೆ, ಎಳ್ಳಮಾಸಿಗೊಮ್ಮೆ ಹೊಸದು ಅಂಟಿಸಿ.